ಅಪ್ಪ ಪದೇ ಪದೇ ಬೀಳುತ್ತಾರೆ, ಡಾಕ್ಟರ್ ಕಣ್ಣಿನ ಚಲನೆ ಅಳೆಸಲು ಹೇಳಿದ್ದು ಯಾಕೆ?

ನಿಮ್ಮ ತಂದೆ ಹಿಂದಕ್ಕೆ ಬೀಳುತ್ತಾರೆ, ನರರೋಗದ ಡಾಕ್ಟರ್ ನೋಡಿದರೆ ಕಣ್ಣಿನ ಚಲನೆ ರೆಕಾರ್ಡ್ ಮಾಡಿಸಿ ಅನ್ನುತ್ತಾರೆ, ಇದು ಸುಮ್ನೆ ದುಡ್ಡು ಕೀಳುವ ದಾರಿಯಾ ಎಂದು ಕೇಳಿದ್ದೀರಿ. ಅಲ್ಲ. ನಾನು ಡಾಕ್ಟರ್ ಅಲ್ಲ, ಸೋಮವಾರಪೇಟೆ ಕಡೆ ಸಣ್ಣ ಕಾಫಿ ತೋಟ ನಮ್ಮದು. ನಮ್ಮಪ್ಪನಿಗೂ ಹೀಗೇ ಆಗಿತ್ತು.

ತೋಟದ ಏರು ಹತ್ತುವಾಗ ಅಪ್ಪ ಸರಿ ಇರುತ್ತಿದ್ದರು, ಇಳಿಯುವಾಗ ಮುಗ್ಗರಿಸುತ್ತಿದ್ದರು. ಕಣದಲ್ಲಿ ಹರಡಿದ ಕಾಫಿ ತುಳಿದುಕೊಂಡೇ ಹೋಗುತ್ತಿದ್ದರು. ಕೈಯಲ್ಲಿದ್ದ ಅಕ್ಕಿರೊಟ್ಟಿ ತಿಂದು, ತಟ್ಟೆಯಲ್ಲಿದ್ದ ಪಲ್ಯ ಹಾಗೇ ಬಿಟ್ಟು ಏಳುತ್ತಿದ್ದರು. ನಾವು ಎರಡು ಸಲ ಕನ್ನಡಕ ಬದಲಾಯಿಸಿದೆವು! ಮೈ ಬಿಗಿಯುವ, ಕೈ ನಡುಗುವ ಪಾರ್ಕಿನ್ಸನ್ ಕಾಯಿಲೆ ಇರಬೇಕೆಂದು ಅದರ ಮಾತ್ರೆಯೂ ನಡೆಯಿತು, ಗುಣ ಕಾಣಲಿಲ್ಲ.

ಕೊನೆಗೆ ಬೆಂಗಳೂರಿನಲ್ಲಿ ಒಬ್ಬ ಡಾಕ್ಟರ್ ಪೆನ್ ಹಿಡಿದು, "ತಲೆ ಅಲ್ಲಾಡಿಸದೆ ಕೆಳಗೆ ನೋಡಿ ಯಜಮಾನ್ರೇ" ಅಂದರು. ಕಣ್ಣು ಇಳಿಯಲೇ ಇಲ್ಲ. ಆಮೇಲೆ ತಮ್ಮ ಮುಖವನ್ನೇ ನೋಡುತ್ತಿರಲು ಹೇಳಿ, ಅಪ್ಪನ ಗದ್ದವನ್ನು ಮೆಲ್ಲಗೆ ಮೇಲಕ್ಕೆತ್ತಿದರು. ಅದೇ ಕಣ್ಣುಗುಡ್ಡೆ ಸಲೀಸಾಗಿ ಕೆಳಗಿಳಿಯಿತು. ಅಂದರೆ ಕಣ್ಣಿನ ಸ್ನಾಯು, ಅದರ ನರ ಎರಡೂ ಸರಿ. "ಕೆಳಗೆ ನೋಡು" ಅನ್ನುವ ಮಿದುಳಿನ ಅಪ್ಪಣೆ ಮಾತ್ರ ತಲುಪುತ್ತಿಲ್ಲ. ಕಾಯಿಲೆಯ ಹೆಸರು ಪ್ರೊಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ, ಚಿಕ್ಕದಾಗಿ ಪಿಎಸ್‌ಪಿ. 1964ರಲ್ಲೇ ಟೊರೊಂಟೊದ ಮೂವರು ವೈದ್ಯರು ವಿವರಿಸಿದ್ದು. ಶುರುವಿನಲ್ಲಿ ಪಾರ್ಕಿನ್ಸನ್ ಥರಾನೇ ಕಾಣುತ್ತದೆ.

ಯಂತ್ರ ಮಾಡುವುದೂ ಇದೇ ಕೆಲಸ, ಲೆಕ್ಕ ಸಮೇತ. ಪರದೆಯ ಮೇಲೆ ಚುಕ್ಕಿ ಅಲ್ಲಿಂದಿಲ್ಲಿಗೆ ಹಾರುತ್ತದೆ. ಕಣ್ಣು ಎಷ್ಟು ತಡವಾಗಿ ಹೊರಟಿತು, ಎಷ್ಟು ವೇಗವಾಗಿ ಹೋಯಿತು, ಚುಕ್ಕಿ ಮುಟ್ಟುವ ಮೊದಲೇ ನಿಂತಿತಾ ಎಂದು ಇನ್ಫ್ರಾರೆಡ್ ಕ್ಯಾಮೆರಾ ಬರೆದುಕೊಳ್ಳುತ್ತದೆ. ಪಾರ್ಕಿನ್ಸನ್‌ನಲ್ಲಿ ಸಾಮಾನ್ಯವಾಗಿ ಕಣ್ಣಿನ ಜಿಗಿತ ಗಿಡ್ಡವಾಗುತ್ತದೆ, ವೇಗ ಅಷ್ಟಾಗಿ ಕೆಡುವುದಿಲ್ಲ. ಪಿಎಸ್‌ಪಿಯಲ್ಲಿ ಮೇಲೆ-ಕೆಳಗಿನ ಜಿಗಿತವೇ ನಿಧಾನ. ಕಣ್ಣಿನ ಚಲನೆ ಪೂರ್ತಿ ಕಟ್ಟಿಹೋಗುವ ಮೊದಲೇ ಈ ನಿಧಾನ ಶುರುವಾಗಿರುತ್ತದೆ, ಯಂತ್ರದ ಉಪಯೋಗ ಅಲ್ಲೇ ಜಾಸ್ತಿ. (ನಮ್ಮ ಕಡೆ ಹಾಕಿ ಆಡುವ ಹುಡುಗರಿಗೆ ಚೆಂಡು ತಲೆಗೆ ಬಡಿದಾಗಲೂ ಅಷ್ಟೇ. ಸಿಟಿ ಸ್ಕ್ಯಾನ್ ನಾರ್ಮಲ್ ಇದ್ದರೂ ಕಣ್ಣು ಬೆರಳನ್ನು ಹಿಂಬಾಲಿಸಲು ತಡವರಿಸಬಹುದು.)

ಆದರೆ ಯಂತ್ರವೇ ಕಾಯಿಲೆಯ ಹೆಸರು ಬರೆದುಕೊಡುವುದಿಲ್ಲ. ನಿದ್ದೆ ಮಾತ್ರೆ, ಫಿಟ್ಸ್ ಮಾತ್ರೆ, ನಿದ್ದೆಗೇಡು ಕೂಡ ಕಣ್ಣನ್ನು ನಿಧಾನ ಮಾಡುತ್ತವೆ. ತಂದೆಯವರ ಮಾತ್ರೆ ಚೀಟಿಗಳನ್ನೆಲ್ಲ ಮರೆಯದೆ ಒಯ್ಯಿರಿ. ತಲೆ ಹಿಡಿದು ಮಾಡುವ ಪರೀಕ್ಷೆಯನ್ನು ಮನೆಯಲ್ಲಿ ನೀವೇ ಮಾಡಲು ಹೋಗಬೇಡಿ, ಕುತ್ತಿಗೆ ಉಳುಕೀತು.

ಪಿಎಸ್‌ಪಿಗೆ ಗುಣಪಡಿಸುವ ಔಷಧ ಇಲ್ಲ. ಹೆಸರು ಗೊತ್ತಾದ ಮೇಲೆ ನಾವು ಮೆಟ್ಟಿಲಿಗೆ ಕಂಬಿ ಹಾಕಿಸಿದೆವು. ಅಪ್ಪನ ತಟ್ಟೆಯನ್ನು ಎತ್ತರದ ಸ್ಟೂಲ್ ಮೇಲೆ, ಕಣ್ಣಿನ ನೇರಕ್ಕೆ ಇಟ್ಟೆವು. ಅವತ್ತಿನಿಂದ ಪಲ್ಯವೂ ಖಾಲಿಯಾಗತೊಡಗಿತು.