ಠಾಣೆ ನಿಲ್ದಾಣ ದಾಟಿದ ಮೇಲೆ ಏಳುವ ಆತಂಕ

ಪ್ರಶ್ನೆ: ನನಗೆ 34 ವರ್ಷ. ಮುಂಬೈ ಹೊರವಲಯದ ಡೊಂಬಿವಲಿಯಿಂದ ನಗರದ ಫೋರ್ಟ್ ಪ್ರದೇಶದ ಕಚೇರಿಗೆ, ಕೆಲವೇ ನಿಲ್ದಾಣಗಳಲ್ಲಿ ನಿಲ್ಲುವ ಫಾಸ್ಟ್ ಲೋಕಲ್ ಟ್ರೈನ್‌ನಲ್ಲಿ ಹೋಗುತ್ತೇನೆ. ಠಾಣೆ ನಿಲ್ದಾಣ ದಾಟುತ್ತಿದ್ದಂತೆ ಎದೆ ಡವಗುಟ್ಟಿ, ಅಂಗೈ ಬೆವರಿ, ಈಗಲೇ ಪ್ರಾಣ ಹೋಗುತ್ತದೆ ಎನಿಸುತ್ತದೆ. ಇಸಿಜಿಯಲ್ಲಿ ದೋಷವಿಲ್ಲ. ಕೆಲಸ ಬಿಟ್ಟುಬಿಡಲೇ?

ಉತ್ತರ: ಆ ನಿರ್ಧಾರ ಸದ್ಯಕ್ಕೆ ಬೇಡ. ನೀವು ವಿವರಿಸಿರುವುದು ಪ್ಯಾನಿಕ್ ಅಟ್ಯಾಕನ್ನು ಹೋಲುತ್ತದೆ; ಅಪಾಯವಿಲ್ಲದಿದ್ದರೂ ದೇಹವು ಅಡ್ರಿನಲಿನ್ ಸುರಿಸುವುದರಿಂದ ಏಳುವ ಈ ಭಯ ಸಾಮಾನ್ಯವಾಗಿ ಸುಮಾರು 10 ನಿಮಿಷಗಳಲ್ಲಿ ತುದಿ ಮುಟ್ಟಿ, ಬಳಿಕ ತಾನಾಗಿಯೇ ಇಳಿಯುತ್ತದೆ, ಅಂದರೆ ಮುಂದಿನ ಘಾಟ್ಕೋಪರ್ ನಿಲ್ದಾಣ ಬರುವ ಹೊತ್ತಿಗೆ ಇಳಿಯತೊಡಗಿರುತ್ತದೆ. ಹೆದರಿ ನಡುವೆ ಇಳಿದುಬಿಟ್ಟರೆ ತಕ್ಷಣಕ್ಕೆ ಹಾಯೆನಿಸಿದರೂ, ಇಳಿದದ್ದರಿಂದಲೇ ಬದುಕಿದೆನೆಂದು ಮನಸ್ಸು ನಂಬಿ, ಮರುದಿನದ ಭಯ ಇನ್ನಷ್ಟು ಬಲಿಯುತ್ತದೆ. ಆದ್ದರಿಂದ ಕೆಲವು ದಿನ ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಸ್ಲೋ ಲೋಕಲ್ ಹಿಡಿಯಿರಿ (ತಡವಾದರೆ ಆಗಲಿ), ಕಂಬಿಯ ತಂಪನ್ನು ಅಂಗೈಯಲ್ಲಿ ಗಮನಿಸುತ್ತ, ಉಸಿರನ್ನು ಒಳಗೆಳೆದುದಕ್ಕಿಂತ ನಿಧಾನವಾಗಿ ಹೊರಬಿಡಿ. ಖಾಲಿ ಹೊಟ್ಟೆಗೆ ಗಟ್ಟಿ ಕಾಫಿ ಕುಡಿಯುವ ರೂಢಿಯಿದ್ದರೆ ಅದನ್ನು ಬಿಡಿ. ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಂಡು ಮನೋವೈದ್ಯರನ್ನು ಕಾಣಿರಿ. ಭಯದ ಯೋಚನೆಗಳನ್ನು ಪರೀಕ್ಷಿಸಿ ತಿದ್ದುವ ಸಿಬಿಟಿ ಚಿಕಿತ್ಸೆ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಅಲ್ಲಿಯವರೆಗೆ, ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಭಾಷೆಗಳ ಆಯ್ಕೆಯಲ್ಲಿ ಕನ್ನಡವೂ ಇದೆ.