ಮುನಿಯಪ್ಪನವರಿಗೆ ನಾವು ಬಾಕಿ ಇಟ್ಟ ಪುಟ

ಹೊಳಲ್ಕೆರೆಯ ನಿವೃತ್ತ ಮೇಷ್ಟ್ರೊಬ್ಬರು ಹೀಗೆ ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಇಂಡಿಯನ್ ಓಪನ್ ಗಾಲ್ಫ್ ಬಗ್ಗೆ ಇಡೀ ಒಂದು ಪುಟ ಹಾಕಿದ್ದೀರಿ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆ ಸುತ್ತಿದರೂ ಆ ಆಟ ಆಡುವ ಹತ್ತು ಜನ ಸಿಗಲಿಕ್ಕಿಲ್ಲ. ದುಡ್ಡಿದ್ದವರ ಆಟಕ್ಕೆ ನಮ್ಮ ಪತ್ರಿಕೆಯಲ್ಲಿ ಜಾಗ ಯಾಕೆ? ರಾಷ್ಟ್ರೀಯ ಪಂದ್ಯ ಅಂತೀರಿ, ಗೆದ್ದವರಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರದೇಶದವರು. ಆರನೇ ಕ್ಲಾಸಿನ ನನ್ನ ಮೊಮ್ಮಗಳು ಅದನ್ನು ಓದಿ, 'ತಾತ, ಓಪನ್ ಅಂದ್ರೆ ಯಾರು ಬೇಕಾದ್ರೂ ಆಡಬಹುದಾ?' ಅಂತ ಕೇಳಿದಳು. ನನಗೆ ಹೇಳಲು ಬರಲಿಲ್ಲ."

ಮೇಷ್ಟ್ರೇ, ನಮಸ್ಕಾರ. ನಿಮ್ಮ ಪತ್ರ ಮೂರು ದಿನ ನನ್ನ ಮೇಜಿನ ಮೇಲೆಯೇ ಇತ್ತು. ನಿಮ್ಮ ಪ್ರಶ್ನೆಗಿಂತ ಮೊಮ್ಮಗಳ ಪ್ರಶ್ನೆಯೇ ನನ್ನನ್ನು ಜಾಸ್ತಿ ಕಾಡಿತು. ಅದಕ್ಕೇ ಮೊದಲು ಉತ್ತರ ಕೊಡುತ್ತೇನೆ.

1860ರಲ್ಲಿ ಸ್ಕಾಟ್ಲೆಂಡಿನ ಪ್ರೆಸ್ಟ್ವಿಕ್ ಎಂಬಲ್ಲಿ ಎಂಟು ಜನ ವೃತ್ತಿಪರ ಆಟಗಾರರು ಸೇರಿ ಒಂದು ಪಂದ್ಯ ಆಡಿದರು. ಮರುವರ್ಷ, ಇನ್ನು ಮುಂದೆ ಈ ಪಂದ್ಯ ಇಡೀ ಜಗತ್ತಿಗೆ ತೆರೆದಿದೆ ಎಂದು ಸಾರಿದರು. ಓಪನ್ ಎಂಬ ಹೆಸರಿನ ಅರ್ಥ ಅದೇ. ಆಟವನ್ನೇ ಹೊಟ್ಟೆಪಾಡು ಮಾಡಿಕೊಂಡವರು ಆಡಬಹುದು, ಹವ್ಯಾಸಕ್ಕೆ ಆಡುವವರೂ ಆಡಬಹುದು. ಯಾವ ದೇಶದವರಾದರೂ ಸರಿ. ಸುಮ್ನೆ ಹೋಗಿ ನಿಂತರೆ ಆಗುವುದಿಲ್ಲ, ಅರ್ಹತೆ ಗಳಿಸಿ ಬರಬೇಕು. ಆದರೆ ನೀನು ಯಾರ ಮಗ, ಯಾವ ಊರಿನವನು ಅಂತ ಯಾರೂ ಕೇಳುವ ಹಾಗಿಲ್ಲ. ಹೊರದೇಶದವರು ಗೆಲ್ಲುವುದೂ ಇದೇ ಕಾರಣಕ್ಕೆ. ಪಂದ್ಯ ನಮ್ಮ ದೇಶದ್ದು, ಬಾಗಿಲು ಎಲ್ಲರಿಗೂ ತೆರೆದದ್ದು.

ನಮ್ಮ ದೇಶದ ಓಪನ್ ಶುರುವಾಗಿದ್ದು 1964ರಲ್ಲಿ, ದೆಹಲಿ ಗಾಲ್ಫ್ ಕ್ಲಬ್ಬಿನಲ್ಲಿ. ಅದರ ಹಿಂದೆ ಇದ್ದವರು ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್. ಪ್ರೆಸ್ಟ್ವಿಕ್‌ನಲ್ಲಿ ಶುರುವಾದ ಆ ಪಂದ್ಯವನ್ನು, ಅಂದರೆ ಬ್ರಿಟಿಷ್ ಓಪನ್ನನ್ನು, ಐದು ಸಲ ಗೆದ್ದ ಮನುಷ್ಯ. ಅಂಥವರು ಇಂಡಿಯಾದಲ್ಲೂ ಒಂದು ಓಪನ್ ಆಗಬೇಕು ಎಂದು ಹಿಂದೆ ಬಿದ್ದು ಮಾಡಿಸಿದರು. ಮೊದಲ ವರ್ಷ ತಾವೇ ಗೆದ್ದರು. 1966ರಲ್ಲಿ ಮತ್ತೆ, 1976ರಲ್ಲಿ ಮತ್ತೊಮ್ಮೆ. ಮೂರು ಸಲ ಈ ಕಪ್ ಎತ್ತಿದ ಇನ್ನೊಬ್ಬರು ನಮ್ಮ ಜ್ಯೋತಿ ರಂಧಾವ: 2000, 2006 ಮತ್ತು 2007.

ಎರಡನೇ ವರ್ಷದ ಕಥೆ ನನಗೆ ಬಹಳ ಇಷ್ಟ. 1965ರಲ್ಲಿ ಗೆದ್ದವರು ಪಿ.ಜಿ. ಸೇಠಿ. ಅವರು ವೃತ್ತಿಪರರೇ ಅಲ್ಲ, ಹವ್ಯಾಸಿ. ಆಟವೇ ಕಸುಬಾಗಿದ್ದವರನ್ನೆಲ್ಲ ಹಿಂದೆ ಹಾಕಿ ಕಪ್ ಎತ್ತಿದರು. ಹವ್ಯಾಸಿಗಳು ಬಹುಮಾನದ ಹಣ ಮುಟ್ಟುವಂತಿಲ್ಲ ಎಂಬುದು ಆಗ ಈ ಆಟದ ನಿಯಮವಾಗಿತ್ತು. ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ ಅವರು. ಆಮೇಲೆ ಮತ್ತೊಬ್ಬ ಹವ್ಯಾಸಿ ಗೆದ್ದಿಲ್ಲ.

ಅಲ್ಲಿಂದ 26 ವರ್ಷ ನಮ್ಮವರು ಯಾರೂ ಗೆಲ್ಲಲಿಲ್ಲ. ಜಪಾನ್, ತೈವಾನ್, ಆಸ್ಟ್ರೇಲಿಯಾ, ಅಮೆರಿಕದವರು ಬಂದು ಗೆದ್ದು ಹೋದರು. 1981ರಲ್ಲಿ ಗೆದ್ದ ಅಮೆರಿಕದ ಹುಡುಗ ಪೇನ್ ಸ್ಟೀವರ್ಟ್ ಮುಂದೆ ಎರಡು ಸಲ ಯುಎಸ್ ಓಪನ್ ಗೆದ್ದು ದೊಡ್ಡ ಹೆಸರಾದ.

1991ರಲ್ಲಿ ಅಲಿ ಶೇರ್ ಗೆದ್ದರು. ಮೇಷ್ಟ್ರೇ, ಇಲ್ಲಿ ಸ್ವಲ್ಪ ನಿಲ್ಲೋಣ. ಅಲಿ ಶೇರ್ ಯಾರು ಗೊತ್ತೇ? ದೆಹಲಿ ಗಾಲ್ಫ್ ಕ್ಲಬ್ಬಿನಲ್ಲಿ ಕ್ಯಾಡಿ ಆಗಿದ್ದವರು. ಕ್ಯಾಡಿ ಅಂದರೆ ಆಟಗಾರರ ಚೀಲ ಹೊತ್ತು ಹಿಂದೆ ನಡೆಯುವ ಹುಡುಗ. ಚೆಂಡು ಎಲ್ಲಿ ಬಿತ್ತು ಅಂತ ನೋಡಬೇಕು, ಪೊದೆಯೊಳಗೆ ನುಗ್ಗಿ ಹುಡುಕಬೇಕು, ಯಾವ ಸ್ಟಿಕ್ ಬೇಕೋ ಅದನ್ನು ಕೈಗೆ ಕೊಡಬೇಕು. ದೆಹಲಿಯ ಆ ಮೈದಾನ ಬಹಳ ಇಕ್ಕಟ್ಟು. ಹುಲ್ಲಿನ ದಾರಿಯ ಎರಡೂ ಕಡೆ ದಟ್ಟ ಪೊದೆ, ನಡುನಡುವೆ ಹಳೇ ಗುಮ್ಮಟಗಳು, ಓಡಾಡುವ ನವಿಲುಗಳು. ಅಲ್ಲಿ ದೂರ ಹೊಡೆಯುವ ಬಲಕ್ಕಿಂತ ನೇರ ಹೊಡೆಯುವ ಕೈ ಮುಖ್ಯ. ಚೆಂಡು ಪೊದೆಗೆ ಹೋದರೆ ಮುಗಿಯಿತು. ಆ ನೆಲದ ಒಂದೊಂದು ಉಬ್ಬು ತಗ್ಗೂ ಚೀಲ ಹೊತ್ತು ತಿರುಗಿದ ಹುಡುಗನ ಕಾಲಿಗೆ ಗೊತ್ತಿತ್ತು. ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ ವೃತ್ತಿಪರ ಆಟಗಾರ ಅವರೇ. ಅದೇ ವರ್ಷ ಅರ್ಜುನ ಪ್ರಶಸ್ತಿ ಬಂತು. 1993ರಲ್ಲಿ ಮತ್ತೆ ಗೆದ್ದರು.

ಆಮೇಲೆ ದಾರಿ ಬಿಟ್ಟುಕೊಂಡಿತು. 1998ರಲ್ಲಿ ಫಿರೋಜ್ ಅಲಿ, 1999ರಲ್ಲಿ ಅರ್ಜುನ್ ಅತ್ವಾಲ್, 2000ದಲ್ಲಿ ರಂಧಾವ. ಮೂರು ವರ್ಷ ಸತತವಾಗಿ ನಮ್ಮವರೇ. ಅತ್ವಾಲ್ 2010ರಲ್ಲಿ ಅಮೆರಿಕದ ದೊಡ್ಡ ವೃತ್ತಿಪರ ಪಂದ್ಯಗಳ ಸರಣಿಯಾದ ಪಿಜಿಎ ಟೂರ್‌ನಲ್ಲೂ ಗೆದ್ದರು, ಭಾರತೀಯರಲ್ಲಿ ಮೊದಲಿಗರಾಗಿ.

ಎಸ್.ಎಸ್.ಪಿ. ಚೌರಾಸಿಯಾ ಅವರ ತಂದೆ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ಬಿನಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸದಲ್ಲಿದ್ದರು. 1829ರಲ್ಲಿ ಹುಟ್ಟಿದ ಕ್ಲಬ್ ಅದು. ಸಾಹೇಬರ ಕಾಲದ್ದು. ಅಲ್ಲಿ ಬೆಳೆದ ಈ ಹುಡುಗ 2015ರಲ್ಲಿ ಕೊನೆಯ ದಿನದವರೆಗೂ ಮುಂದಿದ್ದ. ಆದರೆ ಹಿಂದಿನಿಂದ ಬಂದ ಅನಿರ್ಬನ್ ಲಾಹಿರಿ ಸಮ ಮಾಡಿ, ಪ್ಲೇಆಫ್‌ನಲ್ಲಿ, ಅಂದರೆ ಸಮ ಆದವರ ನಡುವಿನ ಹೆಚ್ಚುವರಿ ಆಟದಲ್ಲಿ, ಕಪ್ ಕಿತ್ತುಕೊಂಡರು. ಮರುವರ್ಷ ಅದೇ ಮೈದಾನ. ಈ ಸಲ ಚೌರಾಸಿಯಾ ಉಳಿದವರಿಗಿಂತ ಎರಡು ಹೊಡೆತ ಕಡಿಮೆ ಹೊಡೆದು ಗೆದ್ದರು, ಲಾಹಿರಿ ಜಂಟಿ ಎರಡನೇ ಸ್ಥಾನದಲ್ಲಿ ನಿಂತರು. 2017ರಲ್ಲಿ ಪಂದ್ಯ ಗುರುಗ್ರಾಮದ ಡಿಎಲ್‌ಎಫ್ ಮೈದಾನಕ್ಕೆ ಹೋಯಿತು. ದೊಡ್ಡ ದೊಡ್ಡ ಆಟಗಾರರೂ ಒದ್ದಾಡುವಷ್ಟು ಕಷ್ಟದ ಜಾಗ. ಅಲ್ಲಿ ಚೌರಾಸಿಯಾ ಏಳು ಹೊಡೆತಗಳ ಅಂತರದಿಂದ ಗೆದ್ದರು. ಆಮೇಲೆ 2025ರವರೆಗೆ ಭಾರತೀಯರು ಯಾರೂ ಗೆದ್ದಿಲ್ಲ. 2025ರಲ್ಲಿ ಗೆದ್ದದ್ದು ಸ್ಪೇನಿನ ಯೂಜೇನಿಯೋ ಚಕಾರ್ರಾ.

ಹೊರದೇಶದವರು ಅಂತ ನೀವು ಬರೆದಿರಲ್ಲ, ಅವರಲ್ಲಿ ಬಾಂಗ್ಲಾದೇಶದ ಸಿದ್ದಿಕುರ್ ರಹಮಾನ್ ಕೂಡ ಇದ್ದಾರೆ. ಢಾಕಾದಲ್ಲಿ ಚೆಂಡು ಹೆಕ್ಕುತ್ತಾ, ಆಮೇಲೆ ಕ್ಯಾಡಿಯಾಗಿ ಬೆಳೆದವರು. 2013ರಲ್ಲಿ ದೆಹಲಿಯಲ್ಲಿ ಈ ಕಪ್ ಗೆದ್ದರು. 2016ರ ರಿಯೋ ಒಲಿಂಪಿಕ್ಸಿನಲ್ಲಿ ತಮ್ಮ ದೇಶದ ಬಾವುಟ ಹಿಡಿದು ಮುಂದೆ ನಡೆದರು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಒಂದು ಪುಟ ಯಾಕೆ?

2009ರಲ್ಲಿ ಈ ಓಪನ್ ಗೆದ್ದದ್ದು ಬೆಂಗಳೂರಿನ ಸಿ. ಮುನಿಯಪ್ಪ. ಅವರೂ ಕ್ಯಾಡಿ ಆಗಿದ್ದವರೇ. ಗುರುಗ್ರಾಮದಲ್ಲಿ ಕೊರಿಯಾದ ಲೀ ಸುಂಗ್ ಜೊತೆ ಸಮ ಆಗಿ, ಪ್ಲೇಆಫ್‌ನಲ್ಲಿ ಗೆದ್ದರು. ಚೀಲ ಹೊರುತ್ತಿದ್ದ ನಮ್ಮ ನಾಡಿನ ಮನುಷ್ಯ ದೇಶದ ಕಪ್ ಎತ್ತಿದ ದಿನ ನಮ್ಮ ಪತ್ರಿಕೆ ಏನು ಮಾಡಿತು? ಒಂದು ಸಾಲೂ ಹಾಕಲಿಲ್ಲ. ಸುದ್ದಿ ನನ್ನ ಕೈಗೆ ಬಂದಿತ್ತು. ನಮ್ಮ ಓದುಗರಿಗೆ ಗಾಲ್ಫ್ ಯಾಕೆ ಅಂತ ನಾನೇ ಪಕ್ಕಕ್ಕೆ ಇಟ್ಟೆ. ನೀವು ಈಗ ಕೇಳಿದ ಪ್ರಶ್ನೆಯನ್ನೇ ಆಗ ನಾನು ಕೇಳಿಕೊಂಡಿದ್ದೆ, ತಪ್ಪು ಉತ್ತರ ಕೊಟ್ಟುಕೊಂಡಿದ್ದೆ. ಇವತ್ತಿಗೂ ಅದು ಮನಸ್ಸಿನಲ್ಲಿ ಚುಚ್ಚುತ್ತದೆ.

ಅದೇ ಕಾರಣಕ್ಕೆ 2012ರ ಅಕ್ಟೋಬರಿನಲ್ಲಿ ಈ ಪಂದ್ಯ ಬೆಂಗಳೂರಿನ ಕೆಜಿಎ (ಕರ್ನಾಟಕ ಗಾಲ್ಫ್ ಅಸೋಸಿಯೇಷನ್) ಮೈದಾನಕ್ಕೆ ಬಂದಾಗ ದಾವಣಗೆರೆಯಿಂದ ಬೆಳಗಿನ ರೈಲು ಹತ್ತಿ ಹೋಗಿದ್ದೆ. ನನಗೆ ಗೊತ್ತಿದ್ದ ಆಟ ಅಂದರೆ ಕಬಡ್ಡಿ, ಕ್ರಿಕೆಟ್ಟು. ಇಲ್ಲಿ ನೋಡಿದರೆ ಆಟಗಾರ ಸ್ಟಿಕ್ ಎತ್ತಿದ ಕೂಡಲೇ ಸಾವಿರ ಜನ ಉಸಿರು ಬಿಗಿಹಿಡಿದು ನಿಂತಿರುತ್ತಾರೆ. ಲೆಕ್ಕ ಮಾತ್ರ ಸುಲಭ. ನಾಲ್ಕು ದಿನ, ದಿನಕ್ಕೆ 18 ಗುಳಿ, ಯಾರು ಕಡಿಮೆ ಹೊಡೆತಕ್ಕೆ ಚೆಂಡನ್ನು ಅಷ್ಟೂ ಗುಳಿಗೆ ಹಾಕುತ್ತಾರೋ ಅವರೇ ಗೆದ್ದರು. ನಮ್ಮ ಗೋಲಿ ಆಟ ಆಡಿದವರಿಗೆ ಅರ್ಥವಾಗದೇ ಇರುವಂಥದ್ದು ಏನಿಲ್ಲ. ಆ ವರ್ಷ ಥಾಯ್ಲೆಂಡಿನ ಥಾವೊರ್ನ್ ವಿರಾಚಂತ್ ಪ್ಲೇಆಫ್‌ನಲ್ಲಿ ಗೆದ್ದರು. ನನ್ನ ಕಣ್ಣು ಮಾತ್ರ ಹಗ್ಗದ ಪಕ್ಕ ನಿಂತಿದ್ದ ಕ್ಯಾಡಿ ಹುಡುಗರ ಮೇಲೆಯೇ ಇತ್ತು. ಅವರು ಚೆಂಡನ್ನು ನೋಡುತ್ತಿರಲಿಲ್ಲ. ಆಟಗಾರನ ಕಾಲು, ಸೊಂಟ, ಮಣಿಕಟ್ಟು ನೋಡುತ್ತಿದ್ದರು.

ಗಾಲ್ಫ್ ದುಬಾರಿ ಆಟ ಅನ್ನುವುದು ನಿಜ. ಕುಡಿಯುವ ನೀರಿಗೇ ಕಷ್ಟಪಡುವ ನಮ್ಮ ಚಿತ್ರದುರ್ಗದ ಕಡೆ ಅಷ್ಟು ಹುಲ್ಲಿಗೆ ನೀರು ಹಾಯಿಸಿ ಎಂದು ನಾನು ಯಾವತ್ತೂ ಹೇಳುವುದಿಲ್ಲ. ಆದರೆ ಕ್ಲಬ್ಬಿನ ಗೇಟು ಎಲ್ಲರಿಗೂ ತೆರೆಯದೇ ಇದ್ದಾಗಲೂ, ಚೀಲ ಹೊರುವ ಕೆಲಸಕ್ಕೆ ಒಳಗೆ ಹೋದ ಹುಡುಗರು ಆಟ ಕಲಿತು ದೇಶದ ಕಪ್ ತಂದರು. ಅದು ನಮ್ಮ ಓದುಗರ ಕಥೆಯೇ, ಅಲ್ವಾ?

ಮೊಮ್ಮಗಳಿಗೆ ಇನ್ನೊಂದು ವಿಷಯ ಹೇಳಿ. ಮಹಿಳೆಯರಿಗೂ ಇಂಡಿಯನ್ ಓಪನ್ ಇದೆ, 2007ರಿಂದ. 2016ರಲ್ಲಿ ಅದನ್ನು ಗೆದ್ದದ್ದು ಬೆಂಗಳೂರಿನ ಅದಿತಿ ಅಶೋಕ್. ಆಗ ವಯಸ್ಸು 18. ಅದಿತಿಯ ಅಪ್ಪ ಅಮ್ಮ ಇಬ್ಬರಿಗೂ ಗಾಲ್ಫ್ ಗೊತ್ತಿರಲಿಲ್ಲ. ಅವರು ತಿಂಡಿಗೆ ಹೋಗುತ್ತಿದ್ದ ಹೋಟೆಲಿನಿಂದ ಕೆಜಿಎ ಮೈದಾನ ಕಾಣುತ್ತಿತ್ತು. ಏನಿದು ನೋಡೋಣ ಅಂತ ಮಗಳನ್ನು ಕರೆದುಕೊಂಡು ಒಳಗೆ ಹೋದರು. 2021ರ ಆಗಸ್ಟ್ 7ರಂದು ಟೋಕಿಯೋ ಒಲಿಂಪಿಕ್ಸಿನಲ್ಲಿ ಒಂದೇ ಒಂದು ಹೊಡೆತದಿಂದ ಪದಕ ತಪ್ಪಿ, ಅದಿತಿ ನಾಲ್ಕನೆಯವರಾದರು. ಅಲ್ಲಿ ಅವರ ಚೀಲ ಹೊತ್ತು ಜೊತೆಗೆ ನಡೆದ ಕ್ಯಾಡಿ ಬೇರೆ ಯಾರೂ ಅಲ್ಲ, ಅವರಮ್ಮ.

ಮುಂದಿನ ಸಲ ದಾವಣಗೆರೆಗೆ ಬಂದಾಗ ಮೊಮ್ಮಗಳನ್ನು ಆಫೀಸಿಗೆ ಕರೆತನ್ನಿ. ಕೆಜಿಎಯಿಂದ ತಂದ ಒಂದು ಗಾಲ್ಫ್ ಚೆಂಡು ನನ್ನ ಹತ್ತಿರ ಇದೆ. ಅವಳಿಗೆ ಕೊಡುತ್ತೇನೆ.

— ಸಂಪಾದಕ