ಮೂಲವ್ಯಾಧಿ ಅಂದವರು ನೋಡಿ ಹೇಳಿದರೇ?

ಹೆಸರು ಹಾಕಬೇಡಿ ಎಂದು ಕೋರಿ ತಿಪಟೂರಿನ ಓದುಗರೊಬ್ಬರು ಬರೆದಿದ್ದಾರೆ: “ನಮ್ಮಣ್ಣನಿಗೆ 52ನೇ ವಯಸ್ಸಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಅಂತ ಗೊತ್ತಾಯಿತು. ವರ್ಷದಿಂದ ಮೂಲವ್ಯಾಧಿಗೆ ಔಷಧ ತಗೊಳ್ತಿದ್ದ. ಈಗ ನನ್ನ ಹೆಂಡತಿ, ನೀವೂ ಕೊಲೊನೋಸ್ಕೋಪಿ ಮಾಡಿಸಿ ಅಂತ ಹಟ ಹಿಡಿದಿದ್ದಾಳೆ. ನನಗೆ 46. ಊಟ, ನಿದ್ದೆ ಎಲ್ಲಾ ಸರಿಯಾಗಿದೆ. ಏನೂ ತೊಂದರೆ ಇಲ್ಲದವನು ಕ್ಯಾಮೆರಾ ಹಾಕಿಸಿಕೊಳ್ಳಬೇಕೆ? ಹುಬ್ಬಳ್ಳಿಯಲ್ಲಿರುವ ತಂಗಿಯೂ ಬೇಡ ಅಂತಾಳೆ.”

ಮಾನ್ಯರೇ,

ಹಾಕಿಸಿಕೊಳ್ಳಬೇಕು. ನಿಮ್ಮ ಮನೆಯವರು ಹಿಡಿದ ಹಟ ಬಿಡದಿರಲಿ. ಕೊಲೊನೋಸ್ಕೋಪಿ ಎಂದರೆ ತುದಿಯಲ್ಲಿ ಕ್ಯಾಮೆರಾ ಇರುವ ಕೊಳವೆಯನ್ನು ಗುದದ್ವಾರದಿಂದ ಹಾಕಿ ದೊಡ್ಡ ಕರುಳಿನ ಒಳಗನ್ನು ನೋಡುವ ಪರೀಕ್ಷೆ.

ನಿಮ್ಮ ಪತ್ರದಲ್ಲಿ ‘ಮೂಲವ್ಯಾಧಿಗೆ ಔಷಧ’ ಎಂಬ ಮಾತು ಓದಿದಾಗ ನನಗೆ ನನ್ನ ಸೋದರಮಾವ ಕಣ್ಣ ಮುಂದೆ ಬಂದರು. ಬೆಳಿಗ್ಗೆ ಹೊತ್ತು ರಕ್ತ ಬೀಳುತ್ತಿತ್ತು. ಮೊದಲು ಅದು ಉಷ್ಣ ಎಂದಾಯಿತು. ಎಳನೀರು, ಬಾರ್ಲಿ ನೀರು, ಮಜ್ಜಿಗೆ. ಆಮೇಲೆ ಪೈಲ್ಸ್ ಎಂದಾಯಿತು, ಒಂದು ಮುಲಾಮಿನ ಟ್ಯೂಬ್ ಬಂತು, ಅದು ಮುಗಿದು ಇನ್ನೊಂದು ಬಂತು. ಪಂಚೆಯ ಕಲೆ ಯಾರಿಗೂ ಕಾಣದಿರಲೆಂದು ಮಾವ ತಾವೇ ಒಗೆದುಕೊಳ್ಳತೊಡಗಿದರು. ಮೂವತ್ತು ವರ್ಷ ಅವರ ಬಟ್ಟೆ ಒಗೆದ ಅತ್ತೆಗೆ ಅನುಮಾನ ಬಂದದ್ದೇ ಆಗ. ಹನ್ನೊಂದು ತಿಂಗಳು ಹೀಗೇ ಕಳೆಯಿತು. ಕೊನೆಗೆ ಒಬ್ಬ ವೈದ್ಯೆ ಕೈಗವಸು ಹಾಕಿಕೊಂಡು ಗುದದ್ವಾರದಲ್ಲಿ ಬೆರಳಿಟ್ಟು ನೋಡಿದರು. ಒಂದೇ ನಿಮಿಷ. ಗಂಟು ಬೆರಳಿಗೇ ಸಿಕ್ಕಿತು. ಅಷ್ಟು ದಿನ ಔಷಧ ಬರೆದವರಲ್ಲಿ ಒಬ್ಬರೂ ಆ ಒಂದು ನಿಮಿಷದ ಪರೀಕ್ಷೆ ಮಾಡಿರಲಿಲ್ಲ. ಮಾವನೂ ನಾಚಿಕೆಯಿಂದ ಕೇಳಿರಲಿಲ್ಲ. ಅಷ್ಟರಲ್ಲಿ ಕ್ಯಾನ್ಸರ್ ಯಕೃತ್ತಿಗೆ ಹರಡಿತ್ತು.

ರಕ್ತ ಬೀಳುವವರಲ್ಲಿ ಮೂಲವ್ಯಾಧಿ ಇದ್ದವರೇ ಹೆಚ್ಚು, ನಿಜ. ಆದರೆ ಅದನ್ನು ನೋಡಿ ಹೇಳಬೇಕು, ಊಹಿಸಿ ಹೇಳುವಂತಿಲ್ಲ. ರಕ್ತ ಮಾತ್ರವಲ್ಲ, ಮಲವಿಸರ್ಜನೆಯ ರೂಢಿ ಕೆಲವು ವಾರಗಳಿಂದ ಬದಲಾಗಿದ್ದರೆ, ಹೋಗಿ ಬಂದ ಮೇಲೂ ಪೂರ್ತಿ ಆಗಿಲ್ಲ ಅನ್ನಿಸುತ್ತಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ ವೈದ್ಯರಿಗೆ ತೋರಿಸಬೇಕು. ಗಂಡಸರಲ್ಲಿ ಹಿಮೋಗ್ಲೋಬಿನ್ ಕಡಿಮೆಯಾದರೆ ಬರೀ ಕಬ್ಬಿಣದ ಮಾತ್ರೆ ನುಂಗಿ ಸುಮ್ಮನಾಗಬಾರದು.

ನಿಮಗೆ ಇದ್ಯಾವುದೂ ಇಲ್ಲ ಅನ್ನುತ್ತೀರಿ. ಪರೀಕ್ಷೆಗೆ ಸರಿಯಾದ ಹೊತ್ತು ಇದೇ. ಈ ಕ್ಯಾನ್ಸರ್ ಬಹುಪಾಲು ಶುರುವಾಗುವುದು ಕರುಳಿನ ಒಳಗೋಡೆಯ ಮೇಲೆ ಏಳುವ ಪಾಲಿಪ್ ಎಂಬ ಸಣ್ಣ ಗುಳ್ಳೆಯಿಂದ. ಎಲ್ಲ ಪಾಲಿಪ್ಪೂ ಕ್ಯಾನ್ಸರ್ ಆಗುವುದಿಲ್ಲ. ಆಗುವಂಥದ್ದಕ್ಕೆ ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಬೇಕು. ಅಷ್ಟೂ ಕಾಲ ಅದು ನೋಯುವುದಿಲ್ಲ, ಕಾಣುವುದಿಲ್ಲ. ಕೊಲೊನೋಸ್ಕೋಪಿಯಲ್ಲಿ ಅದು ಕಂಡರೆ, ಅದೇ ಕೊಳವೆಯೊಳಗಿಂದ ತಂತಿಯ ಕುಣಿಕೆ ಹಾಕಿ ಅಲ್ಲೇ ಕತ್ತರಿಸಿ ತೆಗೆಯುತ್ತಾರೆ. ಕ್ಯಾನ್ಸರನ್ನು ಬೇಗ ಹಿಡಿಯುವ ಪರೀಕ್ಷೆಗಳು ಹಲವಿವೆ. ಬರುವ ಮೊದಲೇ ಕಿತ್ತು ಹಾಕುವಂಥವು ಕಡಿಮೆ. ಅಮೆರಿಕದ ಲೆಕ್ಕದಲ್ಲಿ, ಕರುಳಿನಲ್ಲೇ ಇರುವಾಗ ಸಿಕ್ಕ ರೋಗಿಗಳಲ್ಲಿ ನೂರಕ್ಕೆ ಸುಮಾರು 90 ಜನ ಐದು ವರ್ಷದ ಮೇಲೂ ಬದುಕಿರುತ್ತಾರೆ. ದೂರದ ಅಂಗಗಳಿಗೆ ಹರಡಿದ ಮೇಲೆ ಸಿಕ್ಕರೆ ಆ ಸಂಖ್ಯೆ 15ರ ಆಸುಪಾಸಿಗೆ ಇಳಿಯುತ್ತದೆ.

ಒಡಹುಟ್ಟಿದವರಿಗೋ ತಂದೆತಾಯಿಗೋ 60ರೊಳಗೆ ಈ ರೋಗ ಬಂದಿದ್ದರೆ, 40ಕ್ಕೆ ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮೊದಲೋ ಆಗ ಕೊಲೊನೋಸ್ಕೋಪಿ ಶುರು ಮಾಡಬೇಕೆಂಬುದು ತಜ್ಞರ ಸಲಹೆ. ಆ ಲೆಕ್ಕದಲ್ಲಿ ನೀವು ಆರು ವರ್ಷ ತಡವಾಗಿದ್ದೀರಿ. ಮನೆತನದಲ್ಲಿ ಯಾರಿಗೂ ಇಲ್ಲದವರು ಮಲದಲ್ಲಿ ಕಣ್ಣಿಗೆ ಕಾಣದ ರಕ್ತವಿದೆಯೇ ಎಂದು ನೋಡುವ ಸರಳ ಪರೀಕ್ಷೆಯಿಂದ ಶುರು ಮಾಡಬಹುದು. ಅಮೆರಿಕದಲ್ಲಿ 2021ರಲ್ಲಿ ತಪಾಸಣೆಯ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿದರು. ನಮ್ಮ ಸರ್ಕಾರಿ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಇವೆ, ಕರುಳಿನದು ಸೇರಿಲ್ಲ. ಯಾರೂ ನಿಮ್ಮ ಬಾಗಿಲು ತಟ್ಟಿ ಕರೆಯುವುದಿಲ್ಲ.

ಪರೀಕ್ಷೆಯ ಭಯ ನನಗೆ ಅರ್ಥವಾಗುತ್ತದೆ, ಮಾವನ ನಂತರ ನಾನೂ ಮಾಡಿಸಿಕೊಂಡೆ. ನಿಜವಾದ ಕಷ್ಟ ಹಿಂದಿನ ದಿನದ್ದು. ಗಂಜಿ ತಿಳಿ, ಎಳನೀರು ಬಿಟ್ಟರೆ ಊಟವಿಲ್ಲ. ಉಪ್ಪುಪ್ಪಾದ ಪುಡಿ ಕದಡಿದ ನೀರನ್ನು ಲೀಟರುಗಟ್ಟಲೆ ಕುಡಿದು, ಹೋಗುವ ನೀರು ತಿಳಿಯಾಗುವವರೆಗೆ ಓಡಾಡಬೇಕು. ನಿಂಬೆರಸ ಹಿಂಡಿಕೊಂಡರೆ ಗಂಟಲಿಗೆ ಇಳಿಯುತ್ತದೆ. ಮಾರನೆಯ ದಿನ ಮಂಪರಿನ ಇಂಜೆಕ್ಷನ್ ಕೊಟ್ಟಿದ್ದರಿಂದ ಏನಾಯಿತೆಂದೇ ತಿಳಿಯಲಿಲ್ಲ. ಅರ್ಧ ಗಂಟೆಯಲ್ಲಿ ಮುಗಿಯಿತು. ಕರುಳಿಗೆ ಗಾಯವಾಗುವ ಅಪಾಯ ತೀರಾ ಅಪರೂಪ, ಆದರೂ ಅನುಭವಿ ವೈದ್ಯರಲ್ಲೇ ಮಾಡಿಸಿ. ಬಿಪಿ, ಸಕ್ಕರೆ ಕಾಯಿಲೆಗೆ, ರಕ್ತ ತೆಳುವಾಗಲು ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಏನೂ ಕಾಣದಿದ್ದರೆ ನಿಮ್ಮಂಥವರು ಮತ್ತೆ ಮಾಡಿಸಬೇಕಾದ್ದು ಐದು ವರ್ಷಕ್ಕೆ.

ಅಣ್ಣನ ಬಯಾಪ್ಸಿ, ಅಂದರೆ ಗಂಟಿನ ತುಣುಕು ತೆಗೆದು ಮಾಡಿದ ಪರೀಕ್ಷೆಯ, ವರದಿಯ ಪ್ರತಿ ಒಯ್ಯಿರಿ. ಇದು ವಂಶವಾಹಿಯಿಂದ ಬಂದದ್ದೇ ಎಂದು ನೋಡಲು ವೈದ್ಯರಿಗೆ ಅದು ಬೇಕಾಗುತ್ತದೆ.

ಇನ್ನು ತಂಗಿಯ ವಿಷಯ. ಅವರ ವಯಸ್ಸು ನೀವು ಬರೆದಿಲ್ಲ. 40 ಆಗಿದ್ದರೆ ಈ ಉತ್ತರ ಅವರಿಗೂ ಸೇರಿದ್ದು. ಪುಟ ಕತ್ತರಿಸಿ ಹುಬ್ಬಳ್ಳಿಗೆ ಕಳಿಸಿಬಿಡಿ.

– ಸಂಪಾದಕ